ಹಾಜರಿ ಪುಸ್ತಕದ ಎರಡು ತಿರುವು

ಶಂಕರಘಟ್ಟದಲ್ಲಿ ನಮಗೆ ಕ್ವಾಂಟಂ ಮೆಕ್ಯಾನಿಕ್ಸ್ ಹೇಳಿಕೊಟ್ಟ ಮೇಷ್ಟ್ರು ಈ ಮಳೆಗಾಲದಲ್ಲಿ ತೀರಿಕೊಂಡರು. ಸಿಲಬಸ್ಸಿನಲ್ಲಿ ಇನ್ನೇನಿತ್ತೋ ಯಾರಿಗೂ ನೆನಪಿಲ್ಲ. ಅವರ ಹಾಜರಿ ಪುಸ್ತಕವನ್ನು ಮಾತ್ರ ನಮ್ಮ ಬ್ಯಾಚಿನ ಯಾರೂ ಮರೆತಿಲ್ಲ.

ರಟ್ಟು ಮೇಲಾಗಿ, ಓದಲು ನೇರವಾಗುವಂತೆ ಅದನ್ನು ಮೇಜಿನ ಮೇಲೆ ಇಡುತ್ತಿದ್ದರು. ಬಲಕ್ಕೆ ಎಕ್ಸ್ ಅಕ್ಷ, ಮುಂದಕ್ಕೆ ವೈ, ಮೇಲಕ್ಕೆ ಝಡ್. ಮೊದಲು ಎಕ್ಸ್ ಸುತ್ತ 90 ಡಿಗ್ರಿ, ಆಮೇಲೆ ಝಡ್ ಸುತ್ತ 90, ಎರಡೂ ಬಲಗೈ ನಿಯಮದಂತೆ (ಹೆಬ್ಬೆರಳು ಅಕ್ಷದ ಕಡೆಗಿಟ್ಟರೆ ಉಳಿದ ಬೆರಳು ಮಡಚುವ ದಿಕ್ಕಿಗೆ): ಪುಸ್ತಕ ನೆಟ್ಟಗೆ ನಿಂತು ರಟ್ಟು ಬಲಕ್ಕೆ ತಿರುಗುತ್ತದೆ. ಕ್ರಮ ಅದಲುಬದಲು ಮಾಡಿದರೆ ರಟ್ಟು ಅವರ ಕಡೆಗೇ ಇರುತ್ತದೆ, ಆದರೆ ಪುಸ್ತಕ ಮಗ್ಗುಲಾಗಿ ಅದರ ತಲೆ ಎಡಕ್ಕೆ. ಕ್ರಮ ಬದಲಾದರೆ ಫಲವೂ ಬದಲು; ಆ ವ್ಯತ್ಯಾಸವನ್ನು ಅಳೆಯುವುದೇ ಕಮ್ಯುಟೇಟರ್, ವ್ಯತ್ಯಾಸವಿಲ್ಲದಿದ್ದರೆ ಅದು ಸೊನ್ನೆ.

ಹಿಂದಿನ ಬೆಂಚಿನಿಂದ ಒಬ್ಬ ಎದ್ದ. “ಸರ್, ಹಾಜರಿಗೂ ಪಾಠಕ್ಕೂ ಕಮ್ಯುಟೇಟರ್ ಸೊನ್ನೆ ಅಲ್ಲ. ಮೊದಲೇ ಹಾಜರಿ ಕರೆದ್ರೆ ಪಾಠಕ್ಕೆ ಯಾರೂ ಇರಲ್ಲ.”

“ಹೌದಲ್ಲ ಮಾರಾಯ! ಹಾಗಾದ್ರೆ ಇನ್ಮೇಲೆ ಎರಡು ಸಲ ಕರೀತೀನಿ.” ಕರೆದರು ಕೂಡ.

ತಿರುವು ಚಿಕ್ಕದಾದಷ್ಟೂ ಈ ವ್ಯತ್ಯಾಸ ಬೇಗ ಕರಗುತ್ತದೆ. ಎರಡೂ ಅಕ್ಷದ ಸುತ್ತ 0.1 ರೇಡಿಯನ್ (ಸುಮಾರು 6 ಡಿಗ್ರಿ) ತಿರುಗಿಸಿದರೆ ಎರಡು ಕ್ರಮಗಳ ನಡುವೆ ಉಳಿಯುವುದು ವೈ ಅಕ್ಷದ ಸುತ್ತ ಸುಮಾರು 0.01 ರೇಡಿಯನ್. ಆ ಉಳಿಕೆಯೇ ಕಮ್ಯುಟೇಟರ್. ಮೇಷ್ಟ್ರ ಹಟವೆಂದರೆ, ಎಕ್ಸ್, ವೈ ಅಕ್ಷಗಳ ಸುತ್ತ ತಿರುವನ್ನು ಹುಟ್ಟಿಸುವ ಜನರೇಟರುಗಳಾದ ಜೆ-ಎಕ್ಸ್, ಜೆ-ವೈಗಳ ಕಮ್ಯುಟೇಟರ್ ಐ ಎಚ್‌ಬಾರ್ ಜೆ-ಝಡ್ (ಐ ಎಂದರೆ ಮೈನಸ್ ಒಂದರ ವರ್ಗಮೂಲ, ಎಚ್‌ಬಾರ್ ಎಂದರೆ ಪ್ಲಾಂಕ್ ಸ್ಥಿರಾಂಕವನ್ನು 2ಪೈಯಿಂದ ಭಾಗಿಸಿದ್ದು) ಎಂಬುದು ಮೊದಲು ಬರಬೇಕು, ಅವನ್ನು ಸಂಖ್ಯೆಗಳ ಚೌಕವಾಗಿ ಬರೆಯುವ ಮ್ಯಾಟ್ರಿಕ್ಸ್ ಆಮೇಲೆ. ಜೆ-ಝಡ್ ಬೆಲೆಯನ್ನು ಒಂದೊಂದು ಮೆಟ್ಟಿಲು ಏರಿಸುವ, ಇಳಿಸುವ ಏಣಿ ಆಪರೇಟರ್ ಹಿಡಿದು ಹತ್ತುತ್ತ ಹೋದರೆ ಎಲ್ಲೋ ಒಂದು ಕಡೆ ನಿಲ್ಲಲೇಬೇಕು, ಇಳಿದರೂ ಅಷ್ಟೇ; ಹಾಗಾಗಿ ತುದಿಯ ಮೆಟ್ಟಿಲಿನ ಬೆಲೆ ಜೆ ಆದರೆ ಮೆಟ್ಟಿಲುಗಳು 2ಜೆ+1, ಜೆ ಪೂರ್ಣಾಂಕ ಇಲ್ಲವೇ ಅರ್ಧ ಪೂರ್ಣಾಂಕ.

ಹುಡುಗರು ಜಾರುತ್ತಿದ್ದದ್ದು ಒಂದೇ ಜಾಗದಲ್ಲಿ. ಎಚ್‌ಬಾರನ್ನು ಒಂದು ಎಂದಿಟ್ಟರೆ, ಸ್ಪಿನ್ ಅರ್ಧಕ್ಕೆ (ಕಣದ ಹುಟ್ಟುಗುಣವಾದ ಕೋನೀಯ ಸಂವೇಗ, ಜೆ ಅರ್ಧ) ಜನರೇಟರ್ ಎಂದರೆ ಪೌಲಿ ಮ್ಯಾಟ್ರಿಕ್ಸ್ ಎಂಬ ಎರಡಕ್ಕೆರಡರ ಚೌಕದ ಅರ್ಧ. ಆ ಅರ್ಧ ಬಿಟ್ಟರೆ ಕಮ್ಯುಟೇಟರ್ ಇಮ್ಮಡಿಯಾಗುತ್ತದೆ, ಕೋನವೂ ಇಮ್ಮಡಿ. 360 ಡಿಗ್ರಿ ತಿರುಗಿಸಿದಾಗ ಸ್ಥಿತಿಗೆ ಗುಣಕವಾಗಿ ಬರಬೇಕಾದ ಮೈನಸ್ ಒಂದು ಬರುವುದೇ ಇಲ್ಲ. ಅದು ಬರೀ ಕಾಗದದ ಮೈನಸ್ ಅಲ್ಲ. 1975ರಲ್ಲಿ ನ್ಯೂಟ್ರಾನ್ ಕಿರಣವನ್ನು ಎರಡಾಗಿ ಸೀಳಿ, ಒಂದು ಕವಲಿನ ಸ್ಪಿನ್ನನ್ನು ಕಾಂತಕ್ಷೇತ್ರದಲ್ಲಿ ತಿರುಗಿಸಿ, ಮತ್ತೆ ಕೂಡಿಸಿ ನೋಡಿದರು: ಮೊದಲಿನ ಸ್ಥಿತಿಗೆ ಬರಲು 720 ಡಿಗ್ರಿ ಬೇಕಾಯಿತು.

ಈಗಿನ ಮಕ್ಕಳಿಗೆ ಕಂಪ್ಯೂಟರ್ ಎಲ್ಲ ಮ್ಯಾಟ್ರಿಕ್ಸನ್ನೂ ಕೊಡುತ್ತದೆ, ಕೊಡಲಿ. ನಮ್ಮ ಬ್ಯಾಚಿನಲ್ಲಿ ಜೆ 3/2 ಮ್ಯಾಟ್ರಿಕ್ಸ್‌ಗಳನ್ನು ಕೈಯಲ್ಲೇ ಬರೆಯದವರಿರಲಿಲ್ಲ, ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಏರುವ ಆಪರೇಟರಿನಲ್ಲಿ ಮೂರರ ವರ್ಗಮೂಲ, ಎರಡು, ಮತ್ತೆ ಮೂರರ ವರ್ಗಮೂಲ. ಜೆಯ ಎಕ್ಸ್, ವೈ, ಝಡ್ ಮೂರು ಘಟಕಗಳನ್ನೂ ವರ್ಗ ಮಾಡಿ ಕೂಡಿಸಿದಾಗ ಕರ್ಣದುದ್ದಕ್ಕೂ 15/4 ಬರದಿದ್ದರೆ ಮೇಷ್ಟ್ರು ಕೆಂಪು ಪೆನ್ನು ಕೂಡ ತೆಗೆಯುತ್ತಿರಲಿಲ್ಲ, ಹಾಳೆ ವಾಪಸ್.