"ಬಡವರಿಗೆ ನೀತಿ ಇಲ್ವಾ?" ಅಂತ ಕೇಳುವವರಿಗೆ

ಕುವೈತಿನಲ್ಲಿ ಆರು ವರ್ಷ ನರ್ಸ್ ಆಗಿದ್ದಾಗ ನನಗೆ ಫಿಲಿಪೈನ್ಸ್ ಸಿನಿಮಾಗಳ ಹುಚ್ಚು ಹತ್ತಿತು. ಊರಿಗೆ ಬಂದ ಮೇಲೂ ಸಿಕ್ಕವರಿಗೆಲ್ಲ ನೋಡಿ ನೋಡಿ ಅಂತ ಹೇಳುತ್ತೇನೆ. ನೋಡಿದವರು ಕೇಳುವುದು ಒಂದೇ. "ಬಡತನ ಅಂತ ತಾಯಿ ಡ್ರಗ್ಸ್ ಮಾರೋದಾ? ಮಕ್ಕಳನ್ನು ಬಿಟ್ಟು ಹೋಗೋದಾ? ಅವರಿಗೆ ಪ್ರೀತಿ, ನೀತಿ ಏನೂ ಇಲ್ವಾ?"

ಇವೆ. ಎರಡೂ ಇವೆ. ನೀವು ಸಿನಿಮಾ ಸರಿಯಾಗಿ ನೋಡಿಲ್ಲ.

ಕಳೆದ ವರ್ಷ ಒಂದು ಗೃಹಪ್ರವೇಶದ ಊಟದಲ್ಲಿ ನಮ್ಮ ದೊಡ್ಡಪ್ಪ ಪಕ್ಕದ ಎಲೆಯಲ್ಲಿ ಕೂತಿದ್ದರು. ನಾನು ಹೇಳಿದ್ದಕ್ಕೇ 'ಮಾ ರೋಸಾ' ನೋಡಿದ್ದರು. "ಮಾಡಿದ್ದುಣ್ಣೋ ಮಹರಾಯ. ನಮ್ಮಲ್ಲೂ ಬಡತನ ಇತ್ತಮ್ಮ, ಮಾನ ಬಿಟ್ಟಿರಲಿಲ್ಲ" ಅಂದರು. ಪಂಕ್ತಿಯಲ್ಲಿ ಜಗಳ ಬೇಡ ಅಂತ ಸುಮ್ಮನೆ ಪಾಯಸ ಕಲಸಿದೆ. ಅವತ್ತು ನುಂಗಿದ್ದನ್ನು ಈಗ ಹೇಳುತ್ತೇನೆ.

ದೊಡ್ಡಪ್ಪ, 2016ರ ಆ ಸಿನಿಮಾ ಶುರುವಾಗುವುದೇ ಚಿಲ್ಲರೆ ಜಗಳದಿಂದ. ದೊಡ್ಡ ಅಂಗಡಿಯಲ್ಲಿ ಚಿಲ್ಲರೆ ಇಲ್ಲ ಅಂತ ರೋಸಾಗೆ ಮಿಠಾಯಿ ಕೊಡುತ್ತಾರೆ. ನಮ್ಮಲ್ಲೂ ಕೊಡ್ತಾರಲ್ಲ, ಹಾಗೆ. ಅವಳು ಬಿಡುವುದಿಲ್ಲ, ಅವಳಿಗೆ ಆ ಚಿಲ್ಲರೆಯೂ ಬೇಕು. ಮನಿಲಾದ ಒಂದು ಓಣಿಯಲ್ಲಿ ಅವಳದ್ದು ಗೂಡಂಗಡಿ. ಅದರ ಜೊತೆಗೆ ಸ್ವಲ್ಪ ಡ್ರಗ್ಸ್ ಕೂಡ ಮಾರುತ್ತಾಳೆ. ತಪ್ಪೇ, ನಾನೇನು ಸರಿ ಅಂದಿಲ್ಲ. ಆದರೆ ಗಂಡ ಹೆಂಡತಿಯನ್ನು ಎಳೆದುಕೊಂಡು ಹೋದ ಪೊಲೀಸರು ಕೇಸು ಹಾಕುವುದಿಲ್ಲ, ದುಡ್ಡು ಕೇಳುತ್ತಾರೆ. 2 ಲಕ್ಷ ಪೆಸೊದಿಂದ ಶುರುವಾದ ಚೌಕಾಸಿ 50 ಸಾವಿರಕ್ಕೆ ಇಳಿಯುತ್ತದೆ. ಮಧ್ಯೆ ಕೋಳಿ, ಬಿಯರ್ ತರಿಸಿಕೊಂಡು ಕುಡಿಯುತ್ತಾರೆ. ನೀತಿಯ ಪ್ರಶ್ನೆ ರೋಸಾಗೆ ಮಾತ್ರ ಯಾಕೆ? ಆ ಮೇಜಿನ ಸುತ್ತ ಕೂತವರಿಗೆ ಯಾರೂ ಕೇಳಲಿಲ್ಲ. ನೀವೂ ಕೇಳಲಿಲ್ಲ.

ಮತ್ತೆ ಆ ಮಕ್ಕಳು! ಒಬ್ಬ ಮನೆಯ ಟಿವಿ ಹೊತ್ತು ಮಾರಲು ಹೋಗುತ್ತಾನೆ. ಇನ್ನೊಬ್ಬ ದುಡ್ಡಿಗಾಗಿ ಒಬ್ಬ ಗಂಡಸಿನ ಜೊತೆ ಹೋಗುತ್ತಾನೆ. ಮಗಳು ನೆಂಟರ ಬಾಗಿಲು ತಟ್ಟುತ್ತಾಳೆ. ತಾಯಿಯ ಮೇಲೆ ಹಳೆ ಸಿಟ್ಟಿರುವ ಮನೆಗೂ ಹೋಗಿ, ಬೈಸಿಕೊಂಡು, ದುಡ್ಡು ಇಸಿದುಕೊಂಡು ಬರುತ್ತಾಳೆ. ಇದು ಪ್ರೀತಿ ಅಲ್ವಾ? ಉಣ್ಣುವಷ್ಟು ಇದ್ದವರ ಪ್ರೀತಿಗೆ ಇಂಥ ರಾತ್ರಿ ಬರುವುದೇ ಇಲ್ಲ. ಬಂದಿದ್ದರೆ ನಮ್ಮ ಮಾನದ ಮಾತು ಎಷ್ಟು ಹೊತ್ತು ನಿಲ್ಲುತ್ತಿತ್ತೋ.

ಕೊನೆಯಲ್ಲಿ ರೋಸಾ ಬೀದಿಯಲ್ಲಿ ನಿಂತು ಕಡ್ಡಿಗೆ ಚುಚ್ಚಿದ ಮೀನಿನ ಉಂಡೆ ತಿನ್ನುತ್ತಾಳೆ. ಹಸಿವಾಗಿದೆ. ಎದುರಿಗೆ ಒಂದು ಸಂಸಾರ ತಮ್ಮ ಗಾಡಿ ಅಂಗಡಿ ಮುಚ್ಚುತ್ತಿದೆ. ಅಗಿಯುತ್ತ ಅಗಿಯುತ್ತ ಅವಳ ಕಣ್ಣು ತುಂಬುತ್ತದೆ. ಜಾಕ್ಲಿನ್ ಹೋಸೆ ಈ ಪಾತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಪಡೆದರು.

ಇನ್ನು ಮಕ್ಕಳನ್ನು ಬಿಟ್ಟು ಹೋದ ತಾಯಿ. 2000ದ 'ಅನಾಕ್' ಸಿನಿಮಾದ ಜೋಸಿ ಹಾಂಗ್‌ಕಾಂಗಿನಲ್ಲಿ ಮನೆಕೆಲಸದವಳು. ಅವಳು ಅಲ್ಲಿದ್ದಾಗಲೇ ಗಂಡ ಸಾಯುತ್ತಾನೆ. ಮಣ್ಣಿಗೆ ಬರಲಿಲ್ಲ ಅಂತ ಹಿರಿಮಗಳಿಗೆ ಸಿಟ್ಟು. ಯಜಮಾನರು ಹೊರಗಿಂದ ಬೀಗ ಹಾಕಿ ಹೋಗಿದ್ದರು ಅಂತ ಆ ಹುಡುಗಿಗೆ ಗೊತ್ತಿಲ್ಲ. ಕಿರಿಮಗುವಿಗಂತೂ ವಾಪಸ್ ಬಂದ ಅಮ್ಮ ಯಾರೋ ಹೊಸಬಳು. ಅವರ ಭಾಷೆಯಲ್ಲಿ 'ಉತಾಂಗ್ ನಾ ಲೋಓಬ್' ಅನ್ನುತ್ತಾರೆ, ಒಳಗಿನ ಸಾಲ. ನಮ್ಮ ಋಣ ಇದೆಯಲ್ಲ, ಹೆಚ್ಚುಕಮ್ಮಿ ಅದೇ. ಈ ಮನೆಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಸಾಲಗಾರರು. ತೀರಿಸುವ ದಾರಿ ಮಾತ್ರ ದುಡ್ಡೊಂದೇ. ಜಗಳ ಹುಟ್ಟುವುದೇ ಅಲ್ಲಿ.

ಅವಳು ಹೋಗಿದ್ದು ಸರೀನಾ ತಪ್ಪಾ ಅಂತ ಎಲ್ಲರೂ ಕೇಳುತ್ತೀರಿ. ಎರಡು ವರ್ಷ ಮಗನ ಕಾಲೇ ನೋಡದ ತಾಯಿ ಅವನಿಗೆ ಶೂ ಹೇಗೆ ಕೊಳ್ಳುತ್ತಾಳೆ ಅಂತ ಒಬ್ಬರಾದರೂ ಕೇಳಿ.

ನನಗೆ ಗೊತ್ತು. ಕುವೈತಿನಲ್ಲಿ ನನ್ನ ರೂಮಿನಲ್ಲಿದ್ದ ಫಿಲಿಪೈನ್ಸಿನವಳನ್ನು ನಾನು 'ಆತೆ' ಅನ್ನುತ್ತಿದ್ದೆ, ಅಂದರೆ ಅಕ್ಕ. 'ಅನಾಕ್' ತೋರಿಸಿದವಳೂ ಅವಳೇ. ಮಂಚದ ಪಕ್ಕ ಯಾವಾಗಲೂ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ. ಸಂಬಳ ಬಂದಾಗಲೆಲ್ಲ ಅದರೊಳಗೆ ಸೋಪು, ಟವೆಲ್, ಮಾಂಸದ ಡಬ್ಬಿ ಸೇರುತ್ತಿತ್ತು. ಅದು ತುಂಬಲು ತಿಂಗಳುಗಟ್ಟಲೆ, ಹಡಗಿನಲ್ಲಿ ಊರು ಸೇರಲು ಮತ್ತೆ ತಿಂಗಳ ಮೇಲೆ. ಮಗ ಕಾಗದದ ಮೇಲೆ ಪಾದ ಇಟ್ಟು ಗೀಟು ಎಳೆದು, ಫೋಟೊ ಕಳಿಸಿದ್ದ, ಪಕ್ಕದಲ್ಲಿ ಸ್ಕೇಲು ಇಟ್ಟು. ಆತೆ ಅದನ್ನು ನೋಡಿ, ಬೆರಳಲ್ಲಿ ತಿಂಗಳು ಎಣಿಸಿ, ಎರಡು ಸೈಜ್ ದೊಡ್ಡದು ತಂದಳು. ಜಾಗ ಹಾಳಾಗಬಾರದು ಅಂತ ಶೂ ಒಳಗೆಲ್ಲ ಚಾಕಲೇಟು ತುರುಕಿದಳು.

ಪೆಟ್ಟಿಗೆ ತಲುಪಿದ ದಿನ ಹುಡುಗ ವಿಡಿಯೊ ಕಾಲ್ ಮಾಡಿದ. ಶೂ ಇನ್ನೂ ಸಡಿಲ. ತುದಿಗೆ ಹತ್ತಿ ತುರುಕಿ ಹಾಕಿಕೊಂಡಿದ್ದ. "ಸರಿಯಾಗಿದೆ ಅಮ್ಮ" ಅಂತ ಕಾಲು ಎತ್ತಿ ತೋರಿಸಿದ. ಹಿಮ್ಮಡಿಯ ಹತ್ತಿರ ಅಷ್ಟು ಜಾಗ ಇದ್ದದ್ದು ನನಗೂ ಕಾಣಿಸಿತು.