ವೈರಸ್ ಸಾಯಿಸುವ ಮಾತ್ರೆ ಯಾಕಿಲ್ಲ ಎಂದು ಕೇಳುವವರಿಗೆ

ಮಳೆ ಬಿದ್ದು ಡೆಂಗಿ ಶುರುವಾದರೆ ಈ ಪ್ರಶ್ನೆಯೂ ಶುರು. "ಬ್ಯಾಕ್ಟೀರಿಯಾಗೆ ಡಜನ್‌ಗಟ್ಟಲೆ ಮಾತ್ರೆ ಇದೆ, ಡೆಂಗಿಗೆ ಮಾತ್ರ ಪ್ಯಾರಾಸಿಟಮಾಲು, ನೀರು. ನಿಮ್ಮ ವಿಜ್ಞಾನಿಗಳು ಏನ್ ಮಾಡ್ತಿದಾರೆ?" ಕೊನೆಯದು ಪ್ರಶ್ನೆಯಲ್ಲ, ಬೈಗುಳ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ರೋಗಾಣುವನ್ನು ಔಷಧಿಯಿಂದ ಹೊಡೆಯಬೇಕಾದರೆ ಅದರದ್ದು ಅಂತ ಏನಾದರೂ ಇರಬೇಕಲ್ಲ? ಬ್ಯಾಕ್ಟೀರಿಯಾಗೆ ಸ್ವಂತ ರೈಬೋಸೋಮ್, ಅಂದರೆ ಪ್ರೋಟೀನ್ ಕಟ್ಟುವ ಯಂತ್ರ, ಇದೆ. ಗಾತ್ರದ ಲೆಕ್ಕದಲ್ಲಿ ಅದರದ್ದು 70ಎಸ್, ನಮ್ಮದು 80ಎಸ್. ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯೋಟಿಕ್ ಆ ವ್ಯತ್ಯಾಸ ಹಿಡಿದೇ ಕೆಲಸ ಮಾಡುವುದು. ಡೆಂಗಿ ವೈರಸ್ಸಿಗೆ ರೈಬೋಸೋಮೇ ಇಲ್ಲ, ನಮ್ಮದನ್ನೇ ಬಳಸುತ್ತದೆ. ಅದನ್ನು ನಿಲ್ಲಿಸಿದರೆ ವೈರಸ್ ಜೊತೆ ರೋಗಿಯೂ ಹೋದ.

ಡೆಂಗಿಯ ಆಸ್ತಿಯೆಂದರೆ ಸುಮಾರು 10,700 ಅಕ್ಷರಗಳ ಒಂದು ಆರ್‌ಎನ್‌ಎ ಎಳೆ. ಅದರಿಂದ ತಯಾರಾಗುವುದು ಸುಮಾರು 3,400 ಅಮೈನೋ ಆಮ್ಲಗಳ ಒಂದೇ ಉದ್ದ ಸರ. ತುಂಡಾದರೆ 10 ಪ್ರೋಟೀನ್. ತುಂಡು ಮಾಡುವುದಕ್ಕೂ ಪರರ ನೆರವು ಬೇಕು. ಈ ಸರ ನಮ್ಮ ಕೋಶದೊಳಗಿನ ಪೊರೆಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮಿನ ಪೊರೆಯಲ್ಲಿ ಹೊಲಿಗೆ ಹಾಕಿದ ಹಾಗೆ ಒಳಗೂ ಹೊರಗೂ ಹಾಯುತ್ತದೆ. ಹೊರಬದಿಯಲ್ಲಿ ಕತ್ತರಿಸುವುದು ಹೆಚ್ಚಾಗಿ ವೈರಸ್ಸಿನದೇ ಎನ್‌ಎಸ್2ಬಿ-ಎನ್‌ಎಸ್3 ಪ್ರೋಟಿಯೇಸ್, ಅಂದರೆ ಪ್ರೋಟೀನ್ ಕತ್ತರಿಸುವ ಕಿಣ್ವ. ಒಳಬದಿಗೆ ಅದರ ಕೈ ಎಟುಕುವುದಿಲ್ಲ, ಅಲ್ಲಿ ನಮ್ಮ ಸಿಗ್ನಲ್ ಪೆಪ್ಟಿಡೇಸ್ ಎಂಬ ಕಿಣ್ವ ಕತ್ತರಿಸಿಕೊಡುತ್ತದೆ. ಹೊಸ ವೈರಸ್ ಕಣ ಕೋಶದ ಸಾಗಣೆ ಕೇಂದ್ರವಾದ ಗಾಲ್ಜಿ ದಾಟುವಾಗ ಅಲ್ಲಿನ ಆಮ್ಲೀಯತೆಗೆ ಕವಚದ ಪ್ರೋಟೀನ್‌ಗಳು ಮಗ್ಗುಲು ಬದಲಿಸುತ್ತವೆ, ಆಗ ನಮ್ಮ ಫ್ಯೂರಿನ್ ಎಂಬ ಕಿಣ್ವ ಕೊನೆಯ ಕತ್ತರಿ ಹಾಕುತ್ತದೆ. ಪೊರೆಗೆ ಕೊಬ್ಬು, ಕವಚಕ್ಕೆ ಸಕ್ಕರೆ, ಎಲ್ಲ ನಮ್ಮ ಖರ್ಚು. ಆರ್‌ಎನ್‌ಎ ನೋಡಿ ಉದ್ದ ಆರ್‌ಎನ್‌ಎ ನಕಲಿಸಿಕೊಡುವ ಕಿಣ್ವ ನಮ್ಮಲ್ಲಿ ಅದಕ್ಕೆ ಸಿಗುವುದಿಲ್ಲ, ಹಾಗಾಗಿ ಆ ಕೆಲಸಕ್ಕೆ ಎನ್‌ಎಸ್5 ಎಂಬ ಸ್ವಂತ ಕಿಣ್ವ ಇಟ್ಟುಕೊಂಡಿದೆ.

"ಹಾಗಾದ್ರೆ ನಮ್ಮ ಆ ಭಾಗಗಳನ್ನೇ ನಾಲ್ಕು ದಿನ ಬಂದ್ ಮಾಡಿ" ಅನ್ನುವ ಜಾಣರೂ ಇದ್ದಾರೆ. ಮಾಡಿ ನೋಡಿದ್ದಾರೆ ಸ್ವಾಮಿ. ಸೆಲ್ಗೊಸಿವಿರ್ ಎಂಬ ಔಷಧಿ, ಕವಚದ ಸಕ್ಕರೆಯನ್ನು ಸವರಿ ಸರಿಮಾಡುವ ನಮ್ಮ ಗ್ಲೂಕೋಸಿಡೇಸ್ ಕಿಣ್ವವನ್ನು ತಡೆಯುತ್ತದೆ. ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು. ಸಿಂಗಪುರದಲ್ಲಿ 50 ರೋಗಿಗಳ ಪ್ರಯೋಗ ನಡೆಯಿತು. ಜ್ವರ ಬಂದು 48 ತಾಸಿನೊಳಗಿನವರನ್ನೇ ಆರಿಸಿ, ಅರ್ಧ ಜನಕ್ಕೆ ಮೊದಲು 400 ಮಿಲಿಗ್ರಾಂ, ಆಮೇಲೆ 12 ತಾಸಿಗೊಮ್ಮೆ 200 ಕೊಟ್ಟರು. 2014ರಲ್ಲಿ ಫಲಿತಾಂಶ ಬಂತು. ಜ್ವರವೂ ವೈರಸ್ಸೂ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಅಷ್ಟು ಬೇಗ ಕೊಟ್ಟರೂ ಹೀಗೆ. ನಮ್ಮ ಜನ ಆಸ್ಪತ್ರೆಗೆ ಹೋಗುವುದು ಪ್ಲೇಟ್‌ಲೆಟ್ ಬಿದ್ದ ಮೇಲೆ. ಅಷ್ಟರಲ್ಲಿ ರಕ್ತದಲ್ಲಿ ವೈರಸ್ ತಾನಾಗಿಯೇ ಇಳಿಮುಖವಾಗಿರುತ್ತದೆ.

ಯಾರೂ ಕೇಳದ ಪ್ರಶ್ನೆ ಬೇರೆ ಇದೆ: ನಮ್ಮ ಕೋಶದ ಯಾವ ಭಾಗ ನಿಂತರೆ ವೈರಸ್ಸಿಗೆ ಪೆಟ್ಟು, ನಮಗೆ ನಷ್ಟವಿಲ್ಲ? ಇದನ್ನು ಕೇಳಿ, ಸಂತೋಷವಾಗಿ ಉತ್ತರಿಸುತ್ತೇನೆ.

ಹುಡುಕುವ ದಾರಿ ಹೀಗೆ. ಒಂದೊಂದು ಕೋಶದಲ್ಲಿ ಒಂದೊಂದು ಜೀನ್ ಕೆಡಿಸಿ, ಎಲ್ಲದರ ಮೇಲೂ ಡೆಂಗಿ ಬಿಟ್ಟು, ಬದುಕುಳಿದವುಗಳಲ್ಲಿ ಯಾವ ಜೀನ್ ಕೆಟ್ಟಿತ್ತೆಂದು ಓದುವುದು. 2016ರಲ್ಲಿ ಹೀಗೆ ಸಿಕ್ಕವು ಎಸ್‌ಟಿಟಿ3ಎ, ಎಸ್‌ಟಿಟಿ3ಬಿ. ಪ್ರೋಟೀನಿಗೆ ಸಕ್ಕರೆ ಹಚ್ಚುವ ಕಿಣ್ವಗಳು. ಸಕ್ಕರೆ ತಡೆದರಾಯಿತು ಅನ್ನಿಸುತ್ತದೆ, ಅಲ್ಲವೇ? ಸಕ್ಕರೆ ಹಚ್ಚಲಾರದಂತೆ ಹಾಳುಮಾಡಿದ ಎಸ್‌ಟಿಟಿ3ಯನ್ನೇ ಕೋಶಕ್ಕೆ ವಾಪಸ್ ಹಾಕಿದರು, ಡೆಂಗಿ ಮತ್ತೆ ಬೆಳೆಯಿತು. ಅದಕ್ಕೆ ಬೇಕಿದ್ದದ್ದು ಕಿಣ್ವದ ಕೆಲಸವಲ್ಲ, ಅದರ ಇರವು. ಹೀಗೆ ಜೀನ್ ವಾಪಸ್ ಹಾಕಿ ನೋಡದ ಫಲಿತಾಂಶವನ್ನು ನಾನಂತೂ ನಂಬುವುದಿಲ್ಲ. ಕೋಶ ಸೊರಗಿದರೆ ವೈರಸ್ಸೂ ಸೊರಗುತ್ತದೆ, ಅದನ್ನೇ ಶೋಧವೆಂದು ಬರೆದುಬಿಡುತ್ತಾರೆ.

ಗೆದ್ದ ಉದಾಹರಣೆ ಎಚ್‌ಐವಿಯದು. ಅದು ಕೋಶದೊಳಗೆ ಹೋಗಲು ಹಿಡಿಯುವ, ಕೋಶದ ಮೇಲಿನ ಸಿಸಿಆರ್5 ಎಂಬ ಪ್ರೋಟೀನ್ ಹುಟ್ಟಿನಿಂದಲೇ ಇಲ್ಲದವರು ಯುರೋಪ್ ಮೂಲದವರಲ್ಲಿ ಇದ್ದಾರೆ, ಹೆಚ್ಚುಕಡಿಮೆ ಆರೋಗ್ಯವಾಗಿಯೇ. ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ವೈರಸ್ ತಗುಲಿದರೆ ಮಾತ್ರ ಅವರಿಗೆ ಕಾಯಿಲೆ ಜೋರಾಗುವ ಸಾಧ್ಯತೆ ಹೆಚ್ಚು. ಆ ಸಿಸಿಆರ್5 ಅನ್ನು ಮುಚ್ಚುವ ಮರಾವಿರಾಕ್ ಎಂಬ ಮಾತ್ರೆ 2007ರಲ್ಲಿ ಮಾರುಕಟ್ಟೆಗೆ ಬಂತು. ವೈದ್ಯರು ಅದನ್ನು ಬರೆದುಕೊಡುವ ಮುಂಚೆ ಒಂದು ಪರೀಕ್ಷೆ ಕಡ್ಡಾಯ. ರೋಗಿಯ ವೈರಸ್ ಸಿಎಕ್ಸ್‌ಸಿಆರ್4 ಎಂಬ ಇನ್ನೊಂದು ಪ್ರೋಟೀನ್ ಹಿಡಿದು ಒಳಬರುವ ಜಾತಿಯದಾದರೆ ಮಾತ್ರೆ ದಂಡ.

ಪಪ್ಪಾಯ ಎಲೆ ರಸದ ಬಗ್ಗೆ ಕೇಳಬೇಕೆಂದಿದ್ದವರು ದಯವಿಟ್ಟು ಬೇರೆ ಯಾರನ್ನಾದರೂ ಕೇಳಿ.