ವಿಂಗ್ ಒತ್ತುತ್ತೆ ಸರಿ, ಒತ್ತಿದ ಭಾರ ಎಲ್ಲಿಗೆ ಹೋಗುತ್ತೆ?

ಕಾರಿನ ಡಿಕ್ಕಿ ಮೇಲೆ ಅಷ್ಟುದ್ದ ವಿಂಗ್ ಕಂಡ ತಕ್ಷಣ ನಮ್ಮೋರು ಕೇಳೋ ಮೊದಲ್ನೇ ಪ್ರಶ್ನೆ, ಇದ್ರ ಮೇಲೆ ಬಟ್ಟೆ ಒಣಗಾಕ್ಬಹುದಾ ಅಂತ. ನಾನಿರೋ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಯುಗಾದಿ, ರಾಜ್ಯೋತ್ಸವ ಅಂತ ಎಲ್ಲೇ ಕಾರ್ ನಿಲ್ಲಿಸಿದ್ರೂ ಈ ಜೋಕ್ ತಪ್ಪಿದ್ದಲ್ಲ, ಈಗ ನಾನೇ ಮೊದ್ಲು ಹೇಳ್ಬಿಡ್ತೀನಿ, ಹೂಂ ಎರಡು ಪಂಚೆ ಒಂದು ಟವಲ್ ಆರಾಮಾಗಿ ಹಿಡಿಯುತ್ತೆ ಅಂತ. ಎರಡನೇ ಪ್ರಶ್ನೆ ಕೇಳೋರು ಸ್ವಲ್ಪ ಸೀರಿಯಸ್ ಜನ, "ಯಾವ ಬ್ರ್ಯಾಂಡ್ ತಗೊಳ್ಲಿ ಗುರು?" ಅಂತಾರೆ. ಅದಕ್ಕೆ ನಿಂತ ಕಾಲಲ್ಲಿ ಉತ್ತರ ಹೇಳೋಕಾಗಲ್ಲ. ನನ್ನ ಲೆಕ್ಕದಲ್ಲಿ ಬ್ರ್ಯಾಂಡ್ ಕೊನೆಗೆ ನೋಡೋ ವಿಷಯ, ಮೊದ್ಲು ಕೇಳ್ಬೇಕಾಗಿರೋದು ಈ ವಿಂಗು ಕೆಳಗೆ ಒತ್ತೋ ಭಾರ ಕಾರಿನ ಯಾವ ಭಾಗದ ಮೇಲೆ ಹೋಗಿ ಕೂರುತ್ತೆ ಅಂತ, ಅಷ್ಟು ಗೊತ್ತಾದ್ರೆ ಉಳಿದಿದ್ದು ತಾನಾಗೇ ಬರುತ್ತೆ.

ನನ್ನ ಗಾಡಿ ಟೊಯೋಟ ಜಿಆರ್86. 2.4 ಲೀಟರ್ ಬಾಕ್ಸರ್ ಇಂಜಿನ್, 228 ಹಾರ್ಸ್‌ಪವರ್, ಹಿಂದಿನ ಚಕ್ರಕ್ಕೆ ಪವರ್, ತೂಕ 1300 ಕೆಜಿ ಒಳಗೆ. ಜಾಸ್ತಿ ಓಡ್ಸೋದು ಥಂಡರ್‌ಹಿಲ್‌ನಲ್ಲಿ, ಉತ್ತರ ಕ್ಯಾಲಿಫೋರ್ನಿಯಾದ ವಿಲೋಸ್ ಅನ್ನೋ ಊರಿನ ಹತ್ರ ಇರೋ ಟ್ರ್ಯಾಕ್, ಬೇಸಿಗೇಲಿ ಹೋದ್ರೆ ಬಳ್ಳಾರಿ ಬಿಸಿಲೇ ವಾಸಿ ಅನ್ಸುತ್ತೆ.

ಮೊದ್ಲು ಒಂದು ಗೊಂದಲ ಬಗೆಹರಿಸ್ತೀನಿ. ಕಂಪನಿಯಿಂದ ಡಿಕ್ಕಿ ತುದೀಲಿ ಬಾತುಕೋಳಿ ಬಾಲದ ತರ ಎದ್ದಿರೋದು ಬರುತ್ತಲ್ಲ, ಅದು ಸ್ಪಾಯ್ಲರ್. ಅದು ಡಿಕ್ಕಿಗೆ ಅಂಟ್ಕೊಂಡೇ ಇರುತ್ತೆ, ಹಿಂದಿನ ಗ್ಲಾಸ್ ಮೇಲಿಂದ ಇಳಿಯೋ ಗಾಳಿನ ತಡೆದು, ಕಾರು ಹಿಂದೆ ಮೇಲಕ್ಕೇಳೋದನ್ನ ಕಮ್ಮಿ ಮಾಡುತ್ತೆ. ವಿಂಗ್ ಹಾಗಲ್ಲ, ಅದರ ಮೇಲೂ ಗಾಳಿ ಹೋಗ್ಬೇಕು ಕೆಳಗೂ ಹೋಗ್ಬೇಕು. ತಲೆಕೆಳಗು ಮಾಡಿದ ವಿಮಾನದ ರೆಕ್ಕೆ ಅದು. ತುಂಬಾ ಜನ ಗಾಳಿ ಮೇಲಿಂದ ಬಂದು ಒತ್ತುತ್ತೆ ಅನ್ಕೊಂಡಿರ್ತಾರೆ, ನಿಜವಾಗ್ಲೂ ಜಾಸ್ತಿ ಕೆಲಸ ಮಾಡೋದು ಕೆಳಗಿನ ಮೈ, ಅಲ್ಲಿ ಗಾಳಿ ಜೋರಾಗಿ ಓಡಿ ಒತ್ತಡ ಕಮ್ಮಿಯಾಗಿ ವಿಂಗನ್ನ ಕೆಳಗೆ ಎಳೆಯುತ್ತೆ. ಅದಕ್ಕೇ ಈಗಿನ ಒಳ್ಳೇ ವಿಂಗುಗಳಲ್ಲಿ ಕಾಲು ಕೆಳಗಿಂದ ಬರದೇ ಮೇಲಿಂದ ಬಗ್ಗಿ ಹಿಡ್ಕೊಂಡಿರುತ್ತೆ, ಸ್ವಾನ್ ನೆಕ್ ಅಂತಾರಲ್ಲ ಅದೇ, ಕೆಳಗಿನ ಮೈಯಲ್ಲಿ ಗಾಳಿ ಓಡೋಕೆ ಏನೂ ಅಡ್ಡ ಬರಬಾರದು ಅಂತ. 2022ರಲ್ಲಿ ಬಂದ ಪೋರ್ಷೆ 911 ಜಿಟಿ3 ಆರ್‌ಎಸ್ ನೋಡಿ, ರೇಸ್ ಕಾರಿಂದ ಬಂದಿರೋ ಸ್ವಾನ್ ನೆಕ್ ಅದರಲ್ಲೂ ಇದೆ, ಗಂಟೆಗೆ 285 ಕಿಮೀ ಸ್ಪೀಡಲ್ಲಿ ಇಡೀ ಕಾರಿನ ಡೌನ್‌ಫೋರ್ಸ್, ಅಂದ್ರೆ ಗಾಳಿ ಕೆಳಗೆ ಒತ್ತೋ ಭಾರ, 860 ಕೆಜಿ ಅಂತ ಕಂಪನಿನೇ ಹೇಳುತ್ತೆ. ಒಂದು ಚಿಕ್ಕ ಕಾರನ್ನೇ ತಲೆ ಮೇಲೆ ಹೊತ್ಕೊಂಡಂಗೆ.

ನಮ್ಮ ನಿಮ್ಮ ಕಾರಲ್ಲಿ ಅಷ್ಟೆಲ್ಲ ಇಲ್ಲ ಬಿಡಿ. ಡೌನ್‌ಫೋರ್ಸ್ ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರುತ್ತೆ, ಸ್ಪೀಡ್ ಡಬಲ್ ಆದ್ರೆ ಭಾರ ನಾಕು ಪಟ್ಟು. 1.6 ಮೀಟರ್ ಉದ್ದ, 25 ಸೆಂಟಿಮೀಟರ್ ಅಗಲದ ಸಾಧಾರಣ ವಿಂಗ್ ತಗೊಳ್ಳಿ, ಲಿಫ್ಟ್ ಕೋಎಫಿಶಿಯೆಂಟ್, ಅಂದ್ರೆ ವಿಂಗಿನ ಆಕಾರ, ಆಂಗಲ್ ಎಷ್ಟು ಒತ್ತುತ್ತೆ ಅನ್ನೋ ಅಳತೆ, 1 ಅಂತ ಇಟ್ಕೊಳ್ಳಿ, ಗಂಟೆಗೆ 160 ಕಿಮೀಗೆ ಹತ್ರತ್ರ 48 ಕೆಜಿ ಬರುತ್ತೆ. ಅದೇ ವಿಂಗು 80ರಲ್ಲಿ ಬರೀ 12 ಕೆಜಿ. ಥಂಡರ್‌ಹಿಲ್‌ನ ಎರಡನೇ ತಿರುವು ಒಂದೇ ಸಮನೆ ಎಡಕ್ಕೆ ಸುತ್ಕೊಂಡು ಹೋಗೋ ಉದ್ದನೇ ತಿರುವು, ಅಲ್ಲಿ 100ರ ಆಸುಪಾಸಲ್ಲಿ ಹೋದ್ರೆ 19 ಕೆಜಿ. ಎಂಟನೇ ತಿರುವಲ್ಲಿ 140ರ ಹತ್ರ ಹೋದ್ರೆ 37 ಕೆಜಿ, ಅಲ್ಲಿ ನಿಜವಾಗ್ಲೂ ಗೊತ್ತಾಗುತ್ತೆ, ಹಿಂದುಗಡೆ ಒದ್ದಾಡ್ತಿದ್ದ ಕಾರು ನೆಲಕ್ಕೆ ಕಚ್ಕೊಂಡು ಹೋಗುತ್ತೆ, ಕಾಲು ಆಕ್ಸಿಲರೇಟರ್ ಮೇಲಿಂದ ಏಳಬೇಕು ಅನ್ಸಲ್ಲ. ಸೋ ವಿಂಗ್ ತಗೊಳ್ಳೋಕೆ ಮುಂಚೆ ನೀವು ಓಡ್ಸೋ ಟ್ರ್ಯಾಕಲ್ಲಿ 120 ದಾಟಿ ತಿರುಗೋ ಜಾಗ ಎಷ್ಟಿವೆ ನೋಡಿ, ಒಂದೂ ಇಲ್ಲ, ಬರೀ ಪಾರ್ಕಿಂಗ್ ಲಾಟಲ್ಲಿ ಕೋನ್ ಇಟ್ಟು ಆಟೋಕ್ರಾಸ್ ಮಾಡೋದು ಅಂದ್ರೆ ಆ ದುಡ್ಡು ಟೈರಿಗೆ ಹಾಕಿ. ಡ್ರ್ಯಾಗ್, ಅಂದ್ರೆ ಗಾಳಿ ಕಾರನ್ನ ಹಿಂದಕ್ಕೆ ಎಳೆಯೋದರ ಬಗ್ಗೆ ಜನ ಸುಮ್ನೆ ಹೆದರ್ತಾರೆ, ಒಳ್ಳೇ ವಿಂಗಾದ್ರೆ 160ರಲ್ಲಿ ಮೂರು ನಾಕು ಹಾರ್ಸ್‌ಪವರ್ ತಿನ್ನಬಹುದು ಅಷ್ಟೇ, ಅದನ್ನ ತಿರುವಲ್ಲೇ ವಾಪಸ್ ಕೊಡುತ್ತೆ.

ಈಗ ಭಾರದ ವಿಷಯ. ಇದ್ರಲ್ಲಿ ಹಳೇ ರೇಸ್ ಕಾರುಗಳ ಕಥೆ ನನಗೆ ತುಂಬಾ ಇಷ್ಟ. 1966ರಲ್ಲಿ ಜಿಮ್ ಹಾಲ್ ಕಟ್ಟಿದ ಚಾಪರಲ್ 2ಇ ಕಾರಲ್ಲಿ ವಿಂಗು ಎತ್ತರದ ಕಂಬದ ಮೇಲೆ ಕೂತಿತ್ತು, ಆ ಕಂಬಗಳನ್ನ ಕಾರಿನ ಮೈಗಲ್ಲ, ನೇರ ಹಿಂದಿನ ಚಕ್ರದ ಹಬ್‌ಗೇ ಜೋಡಿಸಿದ್ದು, ಅಂದ್ರೆ ಭಾರ ಸ್ಪ್ರಿಂಗ್ ದಾಟ್ಕೊಂಡು ಸೀದಾ ಟೈರಿಗೆ. ಕಾರಲ್ಲಿ ಕ್ಲಚ್ ಪೆಡಲ್ ಇರ್ಲಿಲ್ಲ, ಎಡಗಾಲು ಖಾಲಿ, ಆ ಕಾಲಿಗೆ ಒಂದು ಪೆಡಲ್ ಕೊಟ್ಟು ಸ್ಟ್ರೈಟಲ್ಲಿ ವಿಂಗನ್ನ ಮಟ್ಟ ಮಾಡ್ತಿದ್ರು, ಕಾಲು ತೆಗೆದ್ರೆ ಮತ್ತೆ ವಾಲ್ಕೊಳ್ತಿತ್ತು. ಆ ವರ್ಷ ಇಲ್ಲೇ ನಮ್ಮ ಲಗುನಾ ಸೆಕಾ ಟ್ರ್ಯಾಕಲ್ಲಿ ಫಿಲ್ ಹಿಲ್ ಅದನ್ನ ಓಡಿಸಿ ಗೆದ್ದ. ಫಾರ್ಮುಲಾ ಒನ್‌ನೋರೂ ವಿಂಗ್ ಹಾಕೋಕೆ ಶುರು ಮಾಡಿದ್ರು, ಕಂಬ ಮಾತ್ರ ಕಡ್ಡಿ ಕಡ್ಡಿ. 1969ರ ಸ್ಪ್ಯಾನಿಷ್ ಗ್ರಾಂಪ್ರಿ, ಬಾರ್ಸಿಲೋನಾದ ಮೊಂಜುಯಿಕ್, ಗ್ರಹಾಂ ಹಿಲ್‌ನ ಲೋಟಸ್‌ನ ವಿಂಗ್ ಮುರೀತು, ಕಾರು ತಡೆಗೋಡೆಗೆ ಹೊಡೀತು, ಸ್ವಲ್ಪ ಹೊತ್ತಲ್ಲೇ ಅದೇ ತಂಡದ ಯೋಖೆನ್ ರಿಂಟ್ ಕಾರಿಗೂ ಅದೇ ಗತಿ, ಅವನು ಬಂದು ಹಿಲ್‌ನ ಮುರಿದ ಕಾರಿಗೇ ಗುದ್ದಿ ಪಲ್ಟಿ. ಇಬ್ರೂ ಬದುಕಿದ್ದು ಪುಣ್ಯ. ಮುಂದಿನ ರೇಸ್ ಮೊನಾಕೊ, ಅಲ್ಲಿ ಎತ್ತರದ ವಿಂಗುಗಳನ್ನ ಬ್ಯಾನ್ ಮಾಡಿದ್ರು. ಅಲ್ಲಿ ಕೆಟ್ಟಿದ್ದು ವಿಂಗ್ ಐಡಿಯಾ ಅಲ್ಲ, ಅದನ್ನ ಹಿಡ್ಕೊಂಡಿದ್ದ ಕಡ್ಡಿ.

ಅದಕ್ಕೇ ಆನ್‌ಲೈನಲ್ಲಿ ಸಿಗೋ ನೂರೈವತ್ತು ಡಾಲರಿನ "ಯೂನಿವರ್ಸಲ್ ಜಿಟಿ ವಿಂಗ್" ನೋಡಿದ್ರೆ ನನಗೆ ಮೈ ಉರಿಯುತ್ತೆ. ಬ್ಲೇಡ್ ಹಾಳಾಗ್ಲಿ, ಅದರ ಕಾಲು ನೋಡಿ, ತೆಳು ಅಲ್ಯೂಮಿನಿಯಂ ತಗಡು, ಎರಡು ಚಿಕ್ಕ ಬೋಲ್ಟು. ಕೈಯಲ್ಲಿ ಹಿಡ್ದು ಅಲ್ಲಾಡಿಸಿದ್ರೆ ಪಕ್ಕಕ್ಕೆ ಬಳುಕುತ್ತೆ, ಅಂಥದ್ದನ್ನ 180ರಲ್ಲಿ ನಂಬೋದು ಹೆಂಗೆ. ನಿಜವಾದ ವಿಂಗುಗಳಲ್ಲಿ ಎರಡು ದಾರಿ. ಒಂದು, ಅಚ್ಚಲ್ಲಿ ಎಳೆದ ಅಲ್ಯೂಮಿನಿಯಂ, ಈ ಕಡೆಯಿಂದ ಆ ಕಡೆಗೂ ಒಂದೇ ಆಕಾರ, ನೈನ್ ಲೈವ್ಸ್ ರೇಸಿಂಗ್‌ನೋರು ಮಾಡೋ ತರದ್ದು. ಇನ್ನೊಂದು ಕಾರ್ಬನ್ ಫೈಬರ್, ಎಪಿಆರ್ ಕಂಪನಿಯ ಜಿಟಿಸಿ ಸರಣಿ ತರ ಮಧ್ಯದ ಭಾಗದಲ್ಲಿ ತಿರುಚಿದ ಆಕಾರ. ತಿರುಚೋದು ಶೋಕಿಗಲ್ಲ. ಕೂಪೆ ಕಾರಲ್ಲಿ ರೂಫ್ ಮೇಲಿಂದ ಬರೋ ಗಾಳಿ ಗ್ಲಾಸ್ ಜೊತೆ ಕೆಳಗಿಳೀತಾ ಬಂದು ವಿಂಗಿನ ಮಧ್ಯಕ್ಕೆ ಬಡಿಯುತ್ತೆ, ಎರಡು ತುದಿಗೆ ಬರೋ ಗಾಳಿ ಹೆಚ್ಚುಕಮ್ಮಿ ನೇರ. ಹಾಗಾಗಿ ಒಂದೇ ಆಂಗಲ್ ಇಟ್ರೂ ಮಧ್ಯದ ಭಾಗಕ್ಕೆ ಅದು ಜಾಸ್ತಿ ಆಂಗಲ್ ಆಗಿ ಬೇಗ ಸ್ಟಾಲ್ ಆಗುತ್ತೆ, ಅಂದ್ರೆ ಗಾಳಿ ವಿಂಗ್ ಬಿಟ್ಟು ಕಿತ್ಕೊಳ್ಳುತ್ತೆ, ತಿರುಚಿದ ವಿಂಗು ಮಧ್ಯದಲ್ಲಿ ಆಂಗಲ್ ಕಮ್ಮಿ ಮಾಡಿ ಅದನ್ನ ಸರಿದೂಗಿಸುತ್ತೆ. ನಾನು ತಗೊಂಡಿದ್ದು ನೇರ ಅಲ್ಯೂಮಿನಿಯಂದೇ. ರೇಟು ಕಮ್ಮಿ, ಪೆಟ್ಟು ಬಿದ್ರೆ ಬಗ್ಗುತ್ತೆ ಹೊರತು ಪುಡಿಯಾಗಲ್ಲ, ಎತ್ತರ ಸರಿಯಾಗಿಟ್ರೆ, ಅಂದ್ರೆ ರೂಫ್ ಮಟ್ಟದ ಹತ್ರ ಇಟ್ರೆ, ಅರ್ಧ ಸಮಸ್ಯೆ ಅಲ್ಲೇ ಕಮ್ಮಿ. ಕಾಂಪಿಟಿಷನ್‌ಗೆ ಹೋಗೋರು ಮಾತ್ರ ಕ್ಲಾಸ್ ರೂಲ್ಸ್ ಓದಿ ಆಮೇಲೆ ಆರ್ಡರ್ ಮಾಡಿ, ಇಲ್ಲಿ ನಾಸಾ ಟೈಮ್ ಟ್ರಯಲ್ ಮಾಡೋರಿದಾರೆ, ರಾಕೆಟ್ ನಾಸಾ ಅಲ್ಲ, ನ್ಯಾಷನಲ್ ಆಟೋ ಸ್ಪೋರ್ಟ್ ಅಸೋಸಿಯೇಷನ್, ಅಂಥ ಕಡೆ ವಿಂಗ್ ಹಾಕಿದ್ರೆ ನಿಮ್ಮ ಕ್ಲಾಸ್ ಲೆಕ್ಕನೇ ಬದಲಾಗ್ಬಹುದು.

ಕಾಲನ್ನ ಎಲ್ಲಿ ಊರೋದು ಅನ್ನೋದು ದೊಡ್ಡ ತೀರ್ಮಾನ. ಚಾಸಿಸ್ ಮೌಂಟ್ ಅಂದ್ರೆ ಬಂಪರ್ ಹಿಂದಿರೋ ಗಟ್ಟಿ ಭಾಗಕ್ಕೆ ಬೋಲ್ಟ್ ಹಾಕಿ ಕಾಲನ್ನ ಮೇಲೆ ತರೋದು, ಭಾರ ನೇರ ಕಾರಿನ ಮೈಗೆ ಹೋಗುತ್ತೆ, ಆದ್ರೆ ಬಂಪರ್ ಕೊಯ್ಬೇಕು. ಡಿಕ್ಕಿ ಮೌಂಟಲ್ಲಿ ಭಾರ ಮುಚ್ಚಳಕ್ಕೆ ಬಂದು, ಅಲ್ಲಿಂದ ಲ್ಯಾಚು, ಹಿಂಜು ಮತ್ತೆ ಮೂಲೇಲಿರೋ ರಬ್ಬರ್ ಗುಬ್ಬಿಗಳ ಮೂಲಕ ಕಾರಿನ ಮೈಗೆ ಇಳಿಯುತ್ತೆ. ದಿನಾ ಆಫೀಸಿಗೆ ಹೋಗೋ ಕಾರು, ಡಿಕ್ಕಿ ಮೌಂಟೇ ಸಾಕು ಅಂತ ನಾನು ತೀರ್ಮಾನ ಮಾಡ್ದೆ, ಐವತ್ತು ಅರವತ್ತು ಕೆಜಿಗೆ ಮುಚ್ಚಳ ಸರಿಯಾಗಿ ಕಟ್ಟಿದ್ರೆ ತಡ್ಕೊಳ್ಳುತ್ತೆ. ಸರಿಯಾಗಿ ಕಟ್ಟೋದು ಅಂದ್ರೆ ಏನು ಅನ್ನೋದೇ ಇಡೀ ಕೆಲಸ.

ಡಿಕ್ಕಿ ಪೂರ್ತಿ ಮಾಸ್ಕಿಂಗ್ ಟೇಪ್ ಅಂಟಿಸಿ ಮಧ್ಯದ ಗೆರೆ ಎಳೀಬೇಕು. ಬ್ಯಾಡ್ಜ್ ಮಧ್ಯ ಇದೆ ಅಂತ ನಂಬಬೇಡಿ, ಎರಡು ಕಡೆ ಅಂಚಿಂದ ಅಳೆದು ಎಳೀರಿ. ಕಾಲುಗಳನ್ನ ಟೇಪಲ್ಲೇ ನಿಲ್ಲಿಸಿ, ವಿಂಗ್ ಇಟ್ಟು, ಡಿಕ್ಕಿ ತೆರೆದು ಮುಚ್ಚಿ, ಹಿಂದಿನ ಗ್ಲಾಸಿಗೆ ತಾಗುತ್ತಾ ನೋಡ್ಕೊಂಡು ಆಮೇಲೆ ಡ್ರಿಲ್ ಕೈಗೆ ತಗೋಬೇಕು. ಹೊಸ ಕಾರಿನ ಪೇಂಟ್ ಮೇಲೆ ಮೊದಲ್ನೇ ತೂತು ಹಾಕೋವಾಗ ಹೊಟ್ಟೆ ಚುರುಕ್ ಅನ್ನುತ್ತೆ, ಏನೂ ಮಾಡೋಕಾಗಲ್ಲ. ತೆಳು ತಗಡಿಗೆ ಮಾಮೂಲಿ ಡ್ರಿಲ್ ಬಿಟ್ ಬೇಡ, ಹರಿಯುತ್ತೆ, ಮೆಟ್ಟಿಲು ಮೆಟ್ಟಿಲಾಗಿರೋ ಸ್ಟೆಪ್ ಬಿಟ್ಟಲ್ಲಿ ನಿಧಾನಕ್ಕೆ ದೊಡ್ಡದು ಮಾಡಿ. ತೂತಿನ ಅಂಚು ಉಜ್ಜಿ, ಬರೀ ಲೋಹ ಕಾಣೋ ಕಡೆ ಪ್ರೈಮರ್, ಮೇಲೆ ಟಚ್‌ಅಪ್ ಪೇಂಟ್, ಇದನ್ನ ಬಿಟ್ರೆ ಎರಡು ಮಳೆಗಾಲಕ್ಕೆ ತುಕ್ಕು. ಒಳಗಡೆ ವಾಷರ್ ಸಾಲಲ್ಲ, ಅಂಗೈ ಅಗಲದ ಮೂರು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪ್ಲೇಟು ಕೊಟ್ಟು ಭಾರ ಹರಡಿಸ್ಬೇಕು, ಇಲ್ದಿದ್ರೆ ತಗಡು ಬೋಲ್ಟಿನ ಸುತ್ತ ನಿಧಾನಕ್ಕೆ ಬಿರುಕು ಬಿಡುತ್ತೆ. ಮಳೆ ನೀರು ಇಳೀದೇ ಇರೋಕೆ ಸುತ್ತ ಸೀಲೆಂಟು, ನಟ್ ನೈಲಾಕ್‌ದೇ, ಅಂದ್ರೆ ಸಡಿಲ ಆಗದಂಗೆ ಒಳಗೆ ನೈಲಾನ್ ಬಳೆ ಇರೋದೇ ಆಗ್ಬೇಕು, ಟೈಟ್ ಮಾಡಿದ್ಮೇಲೆ ಪೇಂಟ್ ಪೆನ್ನಲ್ಲಿ ನಟ್ಟಿಂದ ಪ್ಲೇಟಿಗೆ ಒಂದು ಗೀಟು, ಟ್ರ್ಯಾಕಲ್ಲಿ ಪ್ರತಿ ಸೆಷನ್ ಆದ್ಮೇಲೆ ಗೀಟು ಜರುಗಿದ್ಯಾ ಅಂತ ನೋಡೋಕೆ. ಕೊನೇದಾಗಿ ಆ ರಬ್ಬರ್ ಗುಬ್ಬಿಗಳು, ಅವನ್ನ ತಿರುಗಿಸಿ ಸ್ವಲ್ಪ ಮೇಲೆ ತಂದ್ರೆ ಮುಚ್ಚಳ ಬಿಗಿಯಾಗಿ ಕೂರುತ್ತೆ, ಎರಡೂ ಕೈಯಲ್ಲಿ ವಿಂಗ್ ಹಿಡ್ದು ಒತ್ತಿದ್ರೆ ಡಿಕ್ಕಿ ಅಲ್ಲಾಡದೇ ಇಡೀ ಕಾರು ಸಸ್ಪೆನ್ಷನ್ ಮೇಲೆ ಕುಗ್ಗಬೇಕು. ಅಂದಹಾಗೆ ಡಿಕ್ಕಿ ತೆರೆದಿಟ್ಕೊಳ್ಳೋ ಸ್ಪ್ರಿಂಗ್ ಇರೋದು ಮುಚ್ಚಳದ ತೂಕಕ್ಕೆ ಮಾತ್ರ, ವಿಂಗ್ ಸೇರಿದ್ಮೇಲೆ ಅದು ತಲೆ ಮೇಲೆ ಬೀಳುತ್ತೆ, ಹಾಲು ಮೊಸರು ಇಡೋಕೆ ಬಗ್ಗಿದಾಗ ಹುಷಾರು.

ಆಂಗಲ್ ಎಷ್ಟಿಡೋದು? ಎಲ್ರೂ ಜಾಸ್ತಿ ಇಟ್ರೆ ಜಾಸ್ತಿ ಹಿಡಿಯುತ್ತೆ ಅಂತಾರೆ, ಒಂದು ಹಂತ ದಾಟಿದ್ರೆ ಕೆಳಗಿನ ಗಾಳಿ ವಿಂಗ್ ಬಿಟ್ಟು ಕಿತ್ಕೊಂಡು ಹೋಗುತ್ತೆ, ಆಮೇಲೆ ಬರೀ ಡ್ರ್ಯಾಗು. ಇದನ್ನ ನೋಡೋಕೆ ವಿಂಡ್ ಟನಲ್ ಬೇಡ, ಉಲ್ಲನ್ ದಾರ ಸಾಕು. ಬೆರಳುದ್ದ ತುಂಡು ಮಾಡಿ ವಿಂಗಿನ ಕೆಳಗಿನ ಮೈಗೆ ಸಾಲಾಗಿ ಟೇಪಲ್ಲಿ ಅಂಟಿಸಿ, ಅದು ಕಾಣೋ ಹಾಗೆ ಡಿಕ್ಕಿ ಮೇಲೊಂದು ಗೋಪ್ರೋ ಕ್ಯಾಮೆರಾ ಕೂರಿಸಿ ಓಡಿಸಿ. ನನ್ನ ವಿಡಿಯೋದಲ್ಲಿ ಎರಡು ತುದಿಯ ದಾರಗಳು ಇಸ್ತ್ರಿ ಮಾಡಿದಂಗೆ ನೆಟ್ಟಗೆ ಹಿಂದಕ್ಕೆ ಮಲಗಿದ್ವು, ಮಧ್ಯದವು ಮಾತ್ರ ಹುಚ್ಚುಹುಚ್ಚಾಗಿ ಕುಣೀತಿದ್ವು, ಒಂದೊಂದ್ಸಲ ತಿರುಗಿ ಮುಂದಕ್ಕೇ ನೋಡ್ತಿದ್ವು. ಮೇಲೆ ಹೇಳಿದ್ನಲ್ಲ ಗ್ಲಾಸಿಂದ ಇಳಿಯೋ ಗಾಳಿ, ಅದು ಕಣ್ಣಿಗೇ ಕಂಡಂಗಾಯ್ತು. ಆಂಗಲ್ ಒಂದೊಂದೇ ತೂತು ಇಳಿಸ್ತಾ ಬಂದ್ರೆ ಮಧ್ಯದವೂ ಮಲಗ್ತವೆ, ಅಲ್ಲಿ ನಿಲ್ಲಿಸಿ. ಇನ್ನೂ ಹಿಡಿತ ಬೇಕು ಅಂದ್ರೆ ಹಿಂದಿನ ಅಂಚಿಗೆ ಹತ್ತು ಮಿಲಿಮೀಟರ್ ಆಸುಪಾಸಿನ ನೆಟ್ಟನೆ ಪಟ್ಟಿ, ಗರ್ನಿ ಫ್ಲಾಪ್, 1971ರಲ್ಲಿ ಡ್ಯಾನ್ ಗರ್ನಿ ತನ್ನ ಇಂಡಿ ಕಾರಿಗೆ ಹಾಕಿಸಿದ್ದು, ನೋಡೋಕೆ ಏನೂ ಅಲ್ಲ ಅನ್ಸುತ್ತೆ ಆದ್ರೆ ಕೆಲಸ ಮಾಡುತ್ತೆ.

ಇನ್ನು ಯಾರೂ ಮೊದ್ಲೇ ಹೇಳದೇ ಇರೋ ವಿಷಯ, ವಿಂಗು ಹಿಂದಿನ ಆಕ್ಸಲ್‌ಗಿಂತ ಹಿಂದೆ ಇರೋದ್ರಿಂದ ಮುಂದಿನ ಚಕ್ರನ ಎತ್ತುತ್ತೆ. ನನ್ನ ಕಾರಿನ ವೀಲ್‌ಬೇಸ್ 2575 ಮಿಲಿಮೀಟರ್, ವಿಂಗು ಆಕ್ಸಲ್‌ನಿಂದ ಮುಕ್ಕಾಲು ಮೀಟರ್ ಹಿಂದೆ ಅಂತ ಹಿಡಿದ್ರೆ, 48 ಕೆಜಿ ಒತ್ತಿದಾಗ ಹಿಂದಿನ ಚಕ್ರಗಳಿಗೆ ಸಿಗೋದು 62 ಕೆಜಿ, ಆ ಹೆಚ್ಚುವರಿ 14 ಕೆಜಿ ಮುಂದಿನ ಚಕ್ರಗಳಿಂದ ಕಿತ್ಕೊಂಡಿದ್ದು. ಜೋರು ತಿರುವಲ್ಲಿ ಸ್ಟೀರಿಂಗ್ ತಿರುಗ್ಸಿದ್ರೂ ಮೂತಿ ಹೊರಗೇ ಹೋಗುತ್ತೆ. ನಿಧಾನದ ತಿರುವಲ್ಲಿ ಏನೂ ಗೊತ್ತಾಗಲ್ಲ, ಅದಕ್ಕೇ ಜನ ಸಸ್ಪೆನ್ಷನ್ ಮೇಲೆ ಅನುಮಾನ ಪಡ್ತಾರೆ. ವಿಂಗಿಗೆ ಇಟ್ಟಿರೋ ಬಜೆಟ್ಟಲ್ಲೇ ಮುಂದಿನ ಸ್ಪ್ಲಿಟರಿಗೂ, ಅಂದ್ರೆ ಮುಂದಿನ ಬಂಪರ್ ಕೆಳಗೆ ಚಾಚ್ಕೊಂಡಿರೋ ಹಲಗೆಗೂ, ದುಡ್ಡು ತೆಗೆದಿಡಿ, ಪ್ಲೈವುಡ್ಡಲ್ಲಿ ನೀವೇ ಮಾಡ್ಕೊಂಡ್ರೂ ಪರ್ವಾಗಿಲ್ಲ, ಅದಾಗೋವರೆಗೂ ಹಿಂದೆ ಆಂಗಲ್ ಕಮ್ಮಿ ಇರ್ಲಿ.

ಬೆಂಗಳೂರಿಂದ ಒಬ್ಬ ಫ್ರೆಂಡು ಇದನ್ನೆಲ್ಲ ಕೇಳಿ ತನ್ನ ಹ್ಯಾಚ್‌ಬ್ಯಾಕಿಗೂ ಒಂದು ಹಾಕ್ಸೋಣ ಅಂತಿದಾನೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಟ್ರ್ಯಾಕ್ ಡೇಗೆ ಹೋಗೋದಾದ್ರೆ ಬಿಚ್ಚಿ ಹಾಕೋ ತರದ್ದು ಮಾಡ್ಕೋ ಅಂದೆ. ರೋಡಲ್ಲಿ ಬೇಡ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ತಯಾರಕರು ಕೊಟ್ಟ ಮೂಲ ವಿವರ ಬದಲಾಗೋ ಹಾಗೆ ಗಾಡಿ ಮಾರ್ಪಾಟು ಮಾಡೋ ಹಾಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ, ಪೊಲೀಸ್ ಕೈ ಅಡ್ಡ ಹಾಕಿದ್ರೆ ವಾದ ಮಾಡ್ತಾ ನಿಂತ್ಕೋಬೇಕು. ಅಷ್ಟಕ್ಕೂ ಔಟರ್ ರಿಂಗ್ ರೋಡಲ್ಲಿ ಅವನಿಗೆ ಸಿಗೋ ಸ್ಪೀಡು ಅದೃಷ್ಟ ಇದ್ರೆ 40, ಆ ಸ್ಪೀಡಲ್ಲಿ ನನ್ನ ವಿಂಗೇ ಒತ್ತೋದು ಮೂರು ಕೆಜಿ. ಡಿಕ್ಕೀಲಿ ಮೂರು ಕೆಜಿ ಈರುಳ್ಳಿ ಇಟ್ಕೋ, ಸಿಗ್ನಲ್ಲಲ್ಲಿ ನಿಂತಾಗ್ಲೂ ಒತ್ತುತ್ತೆ ಅಂದಿದೀನಿ.